ಮಳೆಗಾಲದ ಆರತಕ್ಷತೆಗೆ ರೇಷ್ಮೆ ಸೀರೆ ಉಡಬಹುದೇ?

ಆಷಾಢ ಕಳೆದು ಮದುವೆಗಳು ಶುರುವಾದವೆಂದರೆ ನಮ್ಮನ್ನು ಎಲ್ಲರೂ ಕೇಳುವುದು ಇದನ್ನೇ: ಸಂಜೆ ಆರತಕ್ಷತೆ, ಹೊರಗೆ ಜಿಟಿಜಿಟಿ ಮಳೆ, ಜೊತೆಗೆ ಚಳಿ, ರೇಷ್ಮೆ ಸೀರೆ ಉಡುವುದೋ ಬೇಡವೋ? ಧಾರಾಳವಾಗಿ ಉಡಿ. ಆದರೆ ಯಾವ ಸೀರೆ ಎಂದು ಬೀರು ತೆರೆಯುವ ಮೊದಲು ಲಂಗ, ಫಾಲ್, ಚಪ್ಪಲಿ ನೋಡಿಕೊಳ್ಳಿ. ಮೇಲಿಂದ ಬೀಳುವ ಮಳೆಗೆ ಕೊಡೆ ಇದೆ. ಸೀರೆ ಕೆಡುವುದು ಬಹುಮಟ್ಟಿಗೆ ಕೆಳಗಿನಿಂದ ಏರುವ ನೀರಿಗೆ.

ದಿನವೂ ಹಾಕುವ ಹತ್ತಿ ಲಂಗದ ಅಂಚು ಒಮ್ಮೆ ನೆನೆದರೆ ಸಾಕು, ನೀರನ್ನು ಹೀರಿಕೊಂಡು ಮೇಲಕ್ಕೆಳೆಯುತ್ತದೆ. ಕಾರಿನಿಂದ ಛತ್ರದ ಮೆಟ್ಟಿಲು ಹತ್ತುವಷ್ಟರಲ್ಲಿ ನೆನೆದದ್ದು ನಾಲ್ಕು ಬೆರಳಾದರೆ, ಊಟದ ಹೊತ್ತಿಗೆ ಅದು ಗೇಣುದ್ದವಾಗಿ ನೆರಿಗೆಗೆ ಒಳಗಿನಿಂದಲೇ ಅಂಟಿಕೊಂಡಿರುತ್ತದೆ. ಈ ಒಂದು ಸಂಜೆಗೆ ಪಾಲಿಯೆಸ್ಟರ್ ಸ್ಯಾಟಿನ್ ಲಂಗ ಒಳ್ಳೆಯದು. ಅದು ಜಾರುತ್ತದೆ ಎನ್ನುವುದು ನಿಜ. ಸೊಂಟದ ಪಟ್ಟಿ ಹತ್ತಿಯದ್ದಿರಲಿ, ಲಾಡಿ ಬಿಗಿಯಾಗಿರಲಿ. ಲಂಗದ ಅಂಚು ಸೀರೆಗಿಂತ ಎರಡು ಇಂಚು ಮೇಲೇ ನಿಲ್ಲಬೇಕು.

ಫಾಲ್ ವಿಷಯ ಯಾರೂ ಯೋಚಿಸುವುದಿಲ್ಲ. ಹತ್ತಿ ಫಾಲನ್ನು ನೆನೆಸದೆ ಹೊಲಿದಿದ್ದರೆ ಮೊದಲ ಸಲ ಒದ್ದೆಯಾದಾಗ ಅದು ಕುಗ್ಗುತ್ತದೆ. ಸೀರೆ ಅಷ್ಟು ಕುಗ್ಗುವುದಿಲ್ಲ. ಆಗ ಅಂಚು ಉದ್ದಕ್ಕೂ ಸುಕ್ಕುಸುಕ್ಕಾಗಿ ಎಳೆದುಕೊಳ್ಳುತ್ತದೆ. ಇಸ್ತ್ರಿಗೆ ಇದು ಬಗ್ಗುವುದಿಲ್ಲ, ಬಿಚ್ಚಿ ಮತ್ತೆ ಹೊಲಿಸಬೇಕು. ಹೊಸ ಫಾಲನ್ನು ರಾತ್ರಿಯಿಡೀ ನೆನೆಸಿ, ನೆರಳಲ್ಲಿ ಒಣಗಿಸಿ, ಇಸ್ತ್ರಿ ಮಾಡಿ ಆಮೇಲೆ ಹೊಲಿಯಲು ಕೊಡಿ.

ಹಿಮ್ಮಡಿಗೆ ಪಟ್ಟಿಯಿಲ್ಲದ ಚಪ್ಪಲಿ ಹೆಜ್ಜೆಹೆಜ್ಜೆಗೂ ಮೇಲೆದ್ದು ಅಂಗಾಲಿಗೆ ಬಡಿಯುತ್ತದೆ, ಕೆಸರುನೀರನ್ನು ಹಿಂದೆ ಸೀರೆಗೆ ಸಿಡಿಸುತ್ತದೆ. ಮೀನಖಂಡದ ಹತ್ತಿರ ಕಂದು ಚುಕ್ಕೆಗಳ ಸಾಲೇ ಬೀಳುತ್ತದೆ. ಉಟ್ಟವರಿಗೆ ಮಾತ್ರ ಅದು ಕಾಣುವುದಿಲ್ಲ. ಹಿಂದೆ ಪಟ್ಟಿ ಇರುವ, ಒಂದೂವರೆ ಇಂಚಿನ ಅಗಲ ಹಿಮ್ಮಡಿಯ ಚಪ್ಪಲಿ ಹಾಕಿ. ಪೆನ್ಸಿಲ್ ಹೀಲ್ಸ್ ಒದ್ದೆ ಹುಲ್ಲುಹಾಸಿನಲ್ಲಿ ಹೂತುಹೋಗುತ್ತದೆ. ಚಪ್ಪಲಿ ಮೆಟ್ಟಿಕೊಂಡೇ ಸೀರೆ ಉಟ್ಟರೆ ಎತ್ತರ ಸರಿಯಾಗಿ ಸಿಗುತ್ತದೆ. ನಡೆಯುವಾಗ ನೆರಿಗೆಯನ್ನಷ್ಟೇ ಎತ್ತಿ ಹಿಡಿದರೆ ಹಿಂಭಾಗ ನೆಲ ಸವರುತ್ತದೆ. ಸುತ್ತಲಿನ ಅಂಚನ್ನೂ ಕೂಡಿಸಿ ಒಂದೇ ಕೈಯಲ್ಲಿ ಹಿಡಿಯಿರಿ.

ಇನ್ನು ಸೀರೆ. ಮೈಸೂರು ರೇಷ್ಮೆ ಕ್ರೇಪ್, ಅಂದರೆ ಅದರ ನೂಲಿಗೆ ಹುರಿ ಜಾಸ್ತಿ. ನೀರು ತಾಗಿದರೆ ಆ ಹುರಿ ಬಿಗಿದು ಬಟ್ಟೆ ಅಲ್ಲಲ್ಲೇ ಮುದುಡುತ್ತದೆ. ತಿಳಿ ಬಣ್ಣದ ಸಾದಾ ಒಡಲಾದರೆ ಒಂದೊಂದು ಹನಿಯೂ ಕಾಣುತ್ತದೆ. 1912ರಲ್ಲಿ ಆರಂಭವಾದ ಮೈಸೂರಿನ ಸರ್ಕಾರಿ ಕಾರ್ಖಾನೆಯ ಸೀರೆಯಾದರೆ ಜರಿಯಲ್ಲಿ ಬೆಳ್ಳಿ ಇರುತ್ತದೆ. ತೇವ ಉಳಿದರೆ ಬೆಳ್ಳಿ ಬೇಗ ಕಪ್ಪಾಗುತ್ತದೆ. ಹಾಗಾಗಿ ಮಳೆಯ ಸಂಜೆಗೆ ದಟ್ಟ ಬಣ್ಣ, ಮೈತುಂಬ ಸಣ್ಣ ಬುಟ್ಟಾ, ಕಿರು ಅಂಚು ಇರುವುದನ್ನೇ ಆರಿಸಿ. ಗೇಣಗಲದ ಜರಿ ಅಂಚಿನ ಕಾಂಚೀಪುರ ಸೀರೆ ನೆನೆದರೆ ಬೇಗ ಒಣಗುವುದಿಲ್ಲ, ಕೆಂಪಂಚಿನ ಬಣ್ಣ ತಿಳಿ ಒಡಲಿಗೆ ಇಳಿಯುವ ಭಯವೂ ಇದೆ. ಅದನ್ನು ಬೇಸಿಗೆಯ ಮದುವೆಗೆ ಇಟ್ಟುಕೊಳ್ಳಿ. ಅಂಗಳ ದಾಟಿಯೇ ಹೋಗಬೇಕಾದ ಮಲೆನಾಡಿನ ಮನೆಯಾದರೆ ಹತ್ತಿ ಒಡಲಿನ ಇಳಕಲ್ ಸೀರೆ, ಖಣದ ಕುಪ್ಪಸ ನಮ್ಮ ಮೊದಲ ಆಯ್ಕೆ. ಗಾಂಭೀರ್ಯಕ್ಕೆ ಏನೂ ಕಡಿಮೆಯಿಲ್ಲ, ಕೆಸರಾದರೂ ಒಗೆಯಬಹುದು.

ಚಳಿಗೆ ಮೊಣಕೈವರೆಗಿನ ತೋಳು, ಒಳಗೆ ಲೈನಿಂಗ್, ಮೇಲೊಂದು ತೆಳು ಉಣ್ಣೆಯ ಶಾಲು ಸಾಕು. ಉಣ್ಣೆ ಸಾಕಷ್ಟು ತೇವ ಹೀರಿಕೊಂಡರೂ ಮೈಗೆ ಒದ್ದೆ ಅನ್ನಿಸುವುದಿಲ್ಲ. ವೆಲ್ವೆಟ್ ರವಿಕೆ ಬೇಡ. ಹನಿ ಬಿದ್ದಲ್ಲಿ ಅದರ ನವಿರು ಮಲಗಿ ಕಲೆಯಂತೆ ಕಾಣುತ್ತದೆ.

ಗಂಡಸರಿಗೂ ಇದೇ ಲೆಕ್ಕ. ಬಿಳಿ ರೇಷ್ಮೆ ಪಂಚೆ ನೆನೆದರೆ ಕಾಲಿಗೆ ಅಂಟುತ್ತದೆ, ಪಾರದರ್ಶಕವೂ ಆಗುತ್ತದೆ. ಕಡುನೀಲಿ ಉಣ್ಣೆಯ ಬಂದ್‌ಗಲಾ, ಶೂ ಮೇಲೆ ಮಡಿಕೆ ಬೀಳದಷ್ಟೇ ಉದ್ದದ ಪ್ಯಾಂಟು, ರಬ್ಬರ್ ಅಟ್ಟೆಯ ಶೂ ಹಾಕಿ. ತಿಳಿ ಬೂದು ಬಣ್ಣದ ಸೂಟಿನಲ್ಲಿ ಹನಿಗಳು ಎದ್ದು ಕಾಣುತ್ತವೆ.

ಬೆಂಗಳೂರಿನವರು ಸೆಪ್ಟೆಂಬರ್, ಅಕ್ಟೋಬರ್ ಸಮಾರಂಭಗಳಿಗೂ ಇಷ್ಟೇ ತಯಾರಿ ಮಾಡಿಕೊಳ್ಳಿ. ಅಲ್ಲಿ ಸಂಜೆಯ ಜೋರುಮಳೆ ಹೆಚ್ಚಾಗಿ ಆಗಲೇ.

ಇಷ್ಟಾದರೂ ರೇಷ್ಮೆಗೆ ನೀರು ಬಿದ್ದರೆ ಉಜ್ಜಬೇಡಿ. ಒದ್ದೆ ರೇಷ್ಮೆಯ ಎಳೆ ಬಲ ಕಳೆದುಕೊಂಡಿರುತ್ತದೆ, ಉಜ್ಜಿದರೆ ಹೊಳಪು ಹೋಗಿ ಬಿಳಿಚಿಕೊಳ್ಳುತ್ತದೆ. ಒಣ ಹತ್ತಿ ಬಟ್ಟೆಯನ್ನು ಒತ್ತಿ ಒತ್ತಿ ನೀರು ತೆಗೆಯಿರಿ. ಕೆಸರು ಪೂರ್ತಿ ಒಣಗುವತನಕ ಮುಟ್ಟಬೇಡಿ, ಆಮೇಲೆ ಮೃದು ಬ್ರಷ್‌ನಿಂದ ಕೊಡವಿ. ಹನಿಯ ಸುತ್ತ ಬಳೆಯಂಥ ಗೆರೆ ಉಳಿದಿದ್ದರೆ, ಅದು ಬಟ್ಟೆಯ ಪಾಲಿಶ್ ನೀರಿನ ಜೊತೆ ಅಂಚಿಗೆ ಸರಿದು ನಿಂತದ್ದು. ಆ ಜಾಗವನ್ನಷ್ಟೇ ತೊಳೆದರೆ ಗೆರೆ ಇನ್ನೂ ದೊಡ್ಡದಾಗುತ್ತದೆ, ಡ್ರೈಕ್ಲೀನಿಂಗ್‌ಗೆ ಕೊಡಿ. ಮನೆಗೆ ಬಂದವರೇ ಮಡಚಿಡದೆ, ಸೀರೆಯನ್ನು ನೆರಳಲ್ಲಿ ಫ್ಯಾನಿನ ಕೆಳಗೆ ಒಂದಿಡೀ ದಿನ ಹರವಿ. ಅಂಚಿನ ಜರಿಯನ್ನೂ ಫಾಲಿನ ಒಳಭಾಗವನ್ನೂ ಮುಟ್ಟಿ ನೋಡಿ, ತಣ್ಣಗೆನಿಸಿದರೆ ಇನ್ನೂ ಒಣಗಿಲ್ಲ. ಹಾಗೇ ಬೀರುವಿಗೆ ಹೋದರೆ ಬೂಷ್ಟು ಹಿಡಿಯುವುದು ಅಲ್ಲಿಂದಲೇ.