ಪಿಯಾನೊ ಕೇಳಿಸಿದ ದಿನ

ಗೇಮ್ ಆಫ್ ಥ್ರೋನ್ಸ್ ಅನ್ನೋ ಟಿವಿ ಸರಣಿ ನೋಡುತ್ತಿದ್ದ ನಮ್ಮಲ್ಲಿ ಎರಡು ಬಣ ಇತ್ತು. ಪುಸ್ತಕ ಓದಿದವರದು ಒಂದು, ಓದದವರದು ಇನ್ನೊಂದು. ಜಾರ್ಜ್ ಆರ್. ಆರ್. ಮಾರ್ಟಿನ್ ಬರೆದ ಮೊದಲ ಕಾದಂಬರಿ ಬಂದದ್ದು 1996ರಲ್ಲಿ. ಅದು ಟಿವಿಗೆ ಬಂದದ್ದು 2011ರ ಏಪ್ರಿಲ್‌ನಲ್ಲಿ. ನಡುವೆ ಹದಿನೈದು ವರ್ಷ. ಅಷ್ಟು ಕಾಲ ಈ ಕಥೆಯ ಜೊತೆಗೇ ಬದುಕಿದವರಿಗೆ ಯಾರು ಸಾಯ್ತಾರೆ, ಯಾರು ಬೆನ್ನಿಗೆ ಚೂರಿ ಹಾಕ್ತಾರೆ ಎಲ್ಲ ಗೊತ್ತಿತ್ತು. ನಮಗೆ ಏನೂ ಗೊತ್ತಿರಲಿಲ್ಲ. ನಮ್ಮ ಅಕ್ಕ, ಅಂದರೆ ದೊಡ್ಡಪ್ಪನ ಮಗಳು, ಓದಿದವರ ಬಣ. ನಾನು ಓದದವರ ಬಣ.

ಇನ್ನೂ ನೋಡಿಲ್ಲ, ಮುಂದೆ ನೋಡಬೇಕು ಅಂತಿರುವವರು ದಯವಿಟ್ಟು ಇದನ್ನು ಇಲ್ಲಿಗೇ ನಿಲ್ಲಿಸಿ. ನೋಡಿ ಮುಗಿಸಿ ಬನ್ನಿ. ಮುಂದೆ ಇರುವುದೆಲ್ಲ ಗುಟ್ಟುಗಳೇ.

ಈ ಸರಣಿಯ ಅಭಿಮಾನಿಗಳ ಬಗ್ಗೆ ಮಾತಾಡುವಾಗ ಜನ ವೇಷ ಹಾಕಿಕೊಂಡು ಬರುವವರನ್ನು, ಸರಣಿಯಲ್ಲಿ ಬರುವ ಡೊತ್ರಾಕಿ ಭಾಷೆ ಕಲಿತವರನ್ನು, ಶೂಟಿಂಗ್ ನಡೆದ ಕ್ರೊಯೇಷಿಯಾದ ಡುಬ್ರೊವ್ನಿಕ್‌ಗೆ ಹೋಗಿ ಮೆಟ್ಟಿಲ ಮೇಲೆ ಫೋಟೊ ತೆಗೆಸಿಕೊಂಡವರನ್ನು ನೆನೆಯುತ್ತಾರೆ. ಅವರೆಲ್ಲ ನನಗೆ ಇಷ್ಟವೇ. ಆದರೆ ಅಭಿಮಾನ ಅಂದಾಗ ನನಗೆ ಮೊದಲು ನೆನಪಾಗುವುದು ಬಾಯಿ ಬಿಡದೆ ಇದ್ದವರು. ಮೂರನೇ ಸೀಸನ್‌ನ ಒಂಬತ್ತನೇ ಎಪಿಸೋಡ್, ಅತಿಥಿಗಳನ್ನೇ ಕೊಲ್ಲುವ, ಎಲ್ಲರೂ ರೆಡ್ ವೆಡ್ಡಿಂಗ್ ಅಂತ ಕರೆಯುವ ಆ ಮದುವೆ, ಟಿವಿಯಲ್ಲಿ ಬಂದದ್ದು 2013ರ ಜೂನ್ 2ರಂದು. ಪುಸ್ತಕದಲ್ಲಿ ಅದು ಬಂದದ್ದು 2000ದಲ್ಲಿ. ಹದಿಮೂರು ವರ್ಷದಿಂದ ಅಚ್ಚಾಗಿ ಅಂಗಡಿಯಲ್ಲಿ ಕೂತಿದ್ದ ವಿಷಯ ಅದು. ಆದರೂ ನಮ್ಮಂಥ ಲಕ್ಷಾಂತರ ಜನ ಏನೂ ತಿಳಿಯದೆ ಟಿವಿ ಮುಂದೆ ಕೂತೆವು. ಓದಿದವರು ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದರು.

ಆವತ್ತು ಅಕ್ಕ, “ಇದನ್ನ ಒಬ್ಬಳೇ ನೋಡೋಕೆ ಆಗಲ್ಲ, ಬಾ” ಅಂತಷ್ಟೇ ಹೇಳಿದ್ದಳು. ಟಿವಿಯಲ್ಲಿ ಮದುವೆಮನೆಯ ಬಾಗಿಲು ಮುಚ್ಚಿದರು. ಮೇಲೆ ಅಟ್ಟದಲ್ಲಿದ್ದ ವಾದ್ಯದವರು ಮದುವೆ ಹಾಡು ಬಿಟ್ಟು ಬೇರೆ ರಾಗ ಹಿಡಿದರು. ಅತಿಥಿಯಾಗಿ ಬಂದಿದ್ದ, ಸ್ಟಾರ್ಕ್ ಮನೆತನದ ನೆಡ್‌ನ ಹೆಂಡತಿ ಕ್ಯಾಟ್ಲಿನ್, ಪಕ್ಕದಲ್ಲಿ ಕೂತಿದ್ದ ರೂಸ್ ಬೋಲ್ಟನ್‌ನ ಅಂಗಿಯ ತೋಳು ಸರಿಸಿದಳು. ಒಳಗೆ ಉಕ್ಕಿನ ಕವಚ. ನಾನು ಅಕ್ಕನ ಕಡೆ ತಿರುಗಿದರೆ ಅವಳು ಟಿವಿ ನೋಡುತ್ತಲೇ ಇರಲಿಲ್ಲ. ನನ್ನ ಮುಖ ನೋಡುತ್ತಿದ್ದಳು. ನನ್ನ ಕೈ ಹಿಡಿದುಕೊಂಡಿದ್ದಳು. ಕೊನೆಗೆ ಹೆಸರುಗಳು ಓಡುವಾಗ ಸಂಗೀತವೇ ಇಲ್ಲ. ಪೂರ್ತಿ ಮೌನ. ಅವಳೂ ಅಳುತ್ತಿದ್ದಳು.

“ನಿಂಗೆ ಮೊದಲೇ ಗೊತ್ತಿತ್ತಲ್ಲ?” ಅಂದೆ.

“ಗೊತ್ತಿತ್ತು ಕಣೋ. ನಾನು ಓದಿದಾಗ ಜೊತೆಗೆ ಯಾರೂ ಇರ್ಲಿಲ್ಲ.”

ಎಷ್ಟೋ ಓದುಗರು ಆವತ್ತು ತಮ್ಮ ಮನೆಯವರ, ಗೆಳೆಯರ ಮುಖವನ್ನು ಕ್ಯಾಮೆರಾದಲ್ಲಿ ಹಿಡಿದಿಟ್ಟಿದ್ದರು. ಅದನ್ನು ಕೆಲವರು ಕ್ರೂರ ಅಂದರು. ನನಗೆ ಹಾಗೆ ಅನ್ನಿಸಲಿಲ್ಲ. ಅಷ್ಟು ವರ್ಷ ಒಬ್ಬರೇ ಹೊತ್ತದ್ದನ್ನು ಇನ್ನೊಬ್ಬರ ಜೊತೆ ಹಂಚಿಕೊಳ್ಳುವ ಆಸೆ ಅದು.

ಆಮೇಲೆ ಪರಿಸ್ಥಿತಿ ತಿರುಗಿತು. ಐದನೇ ಪುಸ್ತಕ 2011ರಲ್ಲಿ ಬಂತು. ಆರನೆಯದು ಬರಲೇ ಇಲ್ಲ. ಟಿವಿ ಮಾತ್ರ ವರ್ಷಕ್ಕೊಂದು ಸೀಸನ್ ಅಂತ ಓಡುತ್ತಿತ್ತು. 2015ರ ಜೂನ್‌ನಲ್ಲಿ ಐದನೇ ಸೀಸನ್ ಮುಗಿದಾಗ, ನೆಡ್ ಸ್ಟಾರ್ಕ್‌ಗೆ ಮದುವೆಯಾಚೆ ಹುಟ್ಟಿದ ಮಗ ಅಂತ ಬೆಳೆದ ಜಾನ್ ಸ್ನೋ ತನ್ನವರ ಕೈಯಲ್ಲೇ ಇರಿತ ತಿಂದು ಹಿಮದಲ್ಲಿ ಬಿದ್ದಿದ್ದ. ಪುಸ್ತಕವೂ ಅವನ ಕಥೆಯನ್ನು ಅಲ್ಲೇ ನಿಲ್ಲಿಸಿತ್ತು. ಎರಡೂ ಬಣದವರು ಮೊದಲ ಸಲ ಒಂದೇ ಕತ್ತಲಲ್ಲಿ ನಿಂತೆವು. ಮುಂದಿನ ಹತ್ತು ತಿಂಗಳು ಅಭಿಮಾನಿಗಳು ಜಾನ್ ಪಾತ್ರದ ನಟ ಕಿಟ್ ಹ್ಯಾರಿಂಗ್ಟನ್ ತಲೆಗೂದಲು ಕತ್ತರಿಸಿದನಾ ಇಲ್ಲವಾ ಅಂತ ಕಾದು ನೋಡಿದರು. ಕೂದಲು ಉದ್ದ ಇದೆ ಅಂದರೆ ಜಾನ್ ವಾಪಸ್ ಬರ್ತಾನೆ. ಶೂಟಿಂಗ್ ನಡೆಯುವ ಬೆಲ್‌ಫಾಸ್ಟ್‌ನಲ್ಲಿ ಅವನನ್ನು ಕಂಡವರು ಇದ್ದರು ಅಂದರೆ ಖಂಡಿತ ಬರ್ತಾನೆ. ಬಂದ.

ಆದರೆ ಅದಕ್ಕಿಂತ ಹಳೆಯ ಪ್ರಶ್ನೆ ಬೇರೆ ಇತ್ತು. ಜಾನ್‌ನ ತಾಯಿ ಯಾರು? ಸರಣಿ ಮಾಡಲು ಡೇವಿಡ್ ಬೆನಿಯಾಫ್ ಮತ್ತು ಡಿ. ಬಿ. ವೈಸ್ ಮಾರ್ಟಿನ್ ಅವರನ್ನು ಕಾಣಲು ಹೋದಾಗ ಅವರು ಇವರನ್ನು ಪರೀಕ್ಷಿಸಿದ್ದು ಇದೇ ಪ್ರಶ್ನೆ ಕೇಳಿ. ಇಬ್ಬರೂ ಸರಿಯಾಗಿ ಹೇಳಿದರು. ಹೇಳಲು ಸಾಧ್ಯವಾದದ್ದು ಹೇಗೆ ಅಂದರೆ, ಉತ್ತರ ಪುಸ್ತಕದಲ್ಲೇ ಚೂರು ಚೂರಾಗಿ ಬಿದ್ದಿತ್ತು. ಓದುಗರು ತೊಂಬತ್ತರ ದಶಕದಲ್ಲೇ ಅದನ್ನು ಹೆಕ್ಕಿ ಜೋಡಿಸಿದ್ದರು.

ಅಕ್ಕ ನನಗೆ ಆ ಚೂರುಗಳನ್ನು ಒಂದೊಂದಾಗಿ ತೋರಿಸಿದ್ದು ಆರನೇ ಸೀಸನ್ ನಡೆಯುವಾಗ. ನೆಡ್ ಸ್ಟಾರ್ಕ್‌ನಂಥ ಮಾತು ತಪ್ಪದ ಮನುಷ್ಯ ಹೆಂಡತಿಗೆ ಮೋಸ ಮಾಡಿ ಮಗು ತಂದನಾ? ಅವನ ತಂಗಿ ಲಿಯಾನ ಸಾಯುವಾಗ ಅವನಿಂದ ಒಂದು ಮಾತು ತೆಗೆದುಕೊಂಡಳು. ಯಾವ ಮಾತು ಅಂತ ಎಲ್ಲೂ ಹೇಳಿಲ್ಲ. ರಾಜಕುಮಾರ ರೇಗಾರ್ ಪಂದ್ಯ ಗೆದ್ದಾಗ ತನ್ನ ಹೆಂಡತಿಯನ್ನು ದಾಟಿ ಹೋಗಿ ಲಿಯಾನಳ ಮಡಿಲಿಗೆ ನೀಲಿ ಗುಲಾಬಿಯ ಕಿರೀಟ ಇಟ್ಟ. ಯುದ್ಧ ಮುಗಿದು ರಾಜನೂ ರಾಜಕುಮಾರನೂ ಸತ್ತ ಮೇಲೆ ರಾಜನ ಮೂರು ಜನ ಅಂಗರಕ್ಷಕರು ಎಲ್ಲೋ ಮೂಲೆಯ ಒಂದು ಗೋಪುರ ಕಾಯುತ್ತಾ ನಿಂತಿದ್ದರು. ಒಳಗೆ ರಾಜವಂಶದವರು ಯಾರೂ ಇಲ್ಲದಿದ್ದರೆ ಅವರಿಗೆ ಅಲ್ಲೇನು ಕೆಲಸ?

ನನಗೆ ಮೈ ಜುಮ್ಮೆಂದದ್ದು ಎರಡನೇ ಪುಸ್ತಕದ ಒಂದು ಸಾಲಿಗೆ. ರೇಗಾರ್‌ನ ತಂಗಿ ಡನೇರಿಸ್‌ಗೆ ಕಾಣುವ ದರ್ಶನಗಳ ನಡುವೆ ಒಂದು ನೀಲಿ ಹೂವು ಬರುತ್ತದೆ. ಮಂಜಿನ ಗೋಡೆಯ ಬಿರುಕಿನಲ್ಲಿ ಅರಳಿದೆ, ಸುತ್ತೆಲ್ಲ ಅದರ ಪರಿಮಳ. ಅಷ್ಟೇ. ಮುಂದಿನ ಸಾಲಿಗೆ ಕಥೆ ಬೇರೆ ಕಡೆ ಹೋಗುತ್ತದೆ. ನೀಲಿ ಗುಲಾಬಿ ಲಿಯಾನಳ ಹೂವು. ಮಂಜಿನ ಗೋಡೆ ಜಾನ್ ಕಾವಲಿರುವ ಜಾಗ. 1998ರಲ್ಲಿ ಬಂದ ಪುಸ್ತಕದ ಆ ಒಂದು ಸಾಲನ್ನು ಯಾರೋ ಓದುಗರು ನಿಂತು ಓದಿದ್ದಾರೆ, ಹಿಂದೆ ತಿರುಗಿಸಿದ್ದಾರೆ, ಹೂವಿಗೂ ಹುಡುಗನಿಗೂ ಗಂಟು ಹಾಕಿದ್ದಾರೆ. ಪ್ರೀತಿ ಇಲ್ಲದೆ ಹಾಗೆ ಓದೋಕೆ ಆಗುತ್ತಾ?

ಆರನೇ ಸೀಸನ್‌ನ ಮೂರನೇ ಎಪಿಸೋಡ್‌ನಲ್ಲಿ ಗೋಪುರ ತೋರಿಸಿದರು. ಕತ್ತಿ ಕಾಳಗ ಮುಗಿಯಿತು. ಮೇಲಿಂದ ಹೆಂಗಸಿನ ಕೂಗು ಕೇಳಿಸಿತು. ನೆಡ್ ಮೆಟ್ಟಿಲು ಹತ್ತಲು ಶುರು ಮಾಡಿದ. ಅಲ್ಲಿಗೆ ದೃಶ್ಯ ಕತ್ತರಿಸಿದರು! ಇಪ್ಪತ್ತು ವರ್ಷ ಕಾದವರನ್ನು ಮೆಟ್ಟಿಲ ಹತ್ತಿರ ತಂದು ಮತ್ತೆ ಏಳು ವಾರ ಕಾಯಿಸಿದರು.

ಹಾಗಾಗಿ 2016ರ ಜೂನ್ 26ರ ಕೊನೆಯ ಎಪಿಸೋಡ್‌ಗೆ ಅಕ್ಕನ ಮನೆಯಲ್ಲಿ ನಾವೆಲ್ಲ ಸೇರಿದೆವು. ಓದಿದವರು, ಓದದವರು, ಹಿಂದಿನ ವಾರವಷ್ಟೇ ಒಂದೇ ಸಮನೆ ಎಲ್ಲ ಸೀಸನ್ ನೋಡಿ ಮುಗಿಸಿದ್ದ ಅಕ್ಕನ ಗೆಳತಿ. ಕುರ್ಚಿ ಸಾಲದೆ ಅರ್ಧ ಜನ ನೆಲದ ಮೇಲೆ. ಫೋನ್‌ಗಳನ್ನೆಲ್ಲ ಒಂದು ಕಡೆ ಇಟ್ಟಾಯಿತು. ಟೈಟಲ್ ಶುರುವಾದಾಗ ಯಾರೂ ಮಾತಾಡುವಂತಿಲ್ಲ, ಅದು ನಮ್ಮ ನಿಯಮ. ನಕ್ಷೆಯ ಮೇಲೆ ಊರುಗಳು ಹಲ್ಲುಚಕ್ರ ತಿರುಗಿಸಿಕೊಂಡು ಏಳುವುದನ್ನು ನಾವು ಪ್ರತಿ ವಾರ ಗಮನವಿಟ್ಟು ನೋಡುತ್ತಿದ್ದೆವು. ಆ ವಾರದ ಕಥೆ ಎಲ್ಲೆಲ್ಲಿ ನಡೆಯುತ್ತೆ ಅಂತ ಅಲ್ಲೇ ಸುಳಿವು ಸಿಗುತ್ತಿತ್ತು. ಸ್ಟಾರ್ಕ್‌ಗಳ ಕೋಟೆ ವಿಂಟರ್‌ಫೆಲ್ ಎದ್ದಿತು. ಇಡೀ ಸೀಸನ್ ಅದರ ಮೇಲೆ ಬೋಲ್ಟನ್‌ಗಳ ಲಾಂಛನ ಇತ್ತು, ಚರ್ಮ ಸುಲಿದ ಮನುಷ್ಯ. ಆವತ್ತು ಅಲ್ಲಿ ತೋಳ. ಸ್ಟಾರ್ಕ್‌ಗಳ ತೋಳ! ನಿಯಮ ಹಾಕಿದ ಅಕ್ಕನೇ ಮೊದಲು ಕಿರುಚಿದಳು.

ಆಮೇಲೆ ಆ ಪಿಯಾನೊ.

ನಗರದಲ್ಲಿ ಗಂಟೆ ಬಡಿಯುತ್ತಿದೆ. ರಾಜನ ತಾಯಿ ಸರ್ಸಿಯ ವಿಚಾರಣೆಯ ದಿನ. ಎಲ್ಲರೂ ಬಟ್ಟೆ ತೊಡುತ್ತಿದ್ದಾರೆ. ಸರ್ಸಿಗೆ ಕಪ್ಪು ಉಡುಪು, ಎಳೆಯ ರಾಜ ಟಾಮನ್‌ಗೆ ಕಿರೀಟ, ಧರ್ಮಗುರುವಿಗೆ ಅದೇ ಒರಟು ಅಂಗಿ. ಮಾತು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಒಂದೊಂದೇ ಪಿಯಾನೊ ಸ್ವರ ಬೀಳುತ್ತಿದೆ. ಸಂಗೀತ ಕಲಿತಿದ್ದ ಒಬ್ಬ ಗೆಳೆಯ ಮೆಲ್ಲಗೆ ಹೇಳಿದ, “ಇದ್ರಲ್ಲಿ ಯಾವತ್ತೂ ಪಿಯಾನೊ ಇರ್ಲಿಲ್ಲ.” ಹೌದಲ್ವಾ! ಸಂಗೀತ ಕೊಟ್ಟ ರಮೀನ್ ಜವಾಡಿ ಈ ಸರಣಿಗೆ ಸೆಲ್ಲೊ ಬಳಸಿದ್ದರು, ನಗಾರಿ ಬಳಸಿದ್ದರು, ಜನರ ದನಿ ಬಳಸಿದ್ದರು. ಈ ಲೋಕಕ್ಕೆ ಪಿಯಾನೊ ಹೊಂದಲ್ಲ ಅಂತ ಆರು ಸೀಸನ್ ಅದನ್ನು ದೂರ ಇಟ್ಟಿದ್ದರು. ಈಗ ತಂದಿದ್ದಾರೆ ಅಂದರೆ ಏನೋ ಆಗಲಿದೆ. ಕೋಣೆಯಲ್ಲಿದ್ದ ಎಲ್ಲರಿಗೂ ಅದು ಗೊತ್ತಾಯಿತು. ಏನು ಅಂತ ಮಾತ್ರ ಯಾರಿಗೂ ಗೊತ್ತಿಲ್ಲ. ಅಕ್ಕನಿಗೂ ಗೊತ್ತಿಲ್ಲ.

ಸುಮಾರು ಹತ್ತು ನಿಮಿಷದ ಆ ಸಂಗೀತದಲ್ಲಿ ಪಿಯಾನೊ ಜೊತೆ ಮಕ್ಕಳ ದನಿ ಸೇರಿತು, ಆರ್ಗನ್ ಸೇರಿತು. ನೆಲಮಾಳಿಗೆಯಲ್ಲಿ ಕಿಡಿ ತಾಗಿದರೆ ಸಿಡಿಯುವ ಹಸಿರು ದ್ರವ ವೈಲ್ಡ್‌ಫೈರ್ ಮಡುಗಟ್ಟಿದೆ, ನಡುವೆ ಮೇಣದ ಬತ್ತಿ ಉರಿದು ಇಳಿಯುತ್ತಿದೆ, ಇರಿತ ತಿಂದ ಸರ್ಸಿಯ ಸಂಬಂಧಿ ಲ್ಯಾನ್ಸಲ್ ಅದರ ಕಡೆ ತೆವಳುತ್ತಿದ್ದಾನೆ. ಮೇಲೆ ದೇವಾಲಯದಲ್ಲಿ ಟಾಮನ್‌ನ ರಾಣಿ ಮಾರ್ಜರಿ ಒಬ್ಬಳಿಗೇ ಅಪಾಯ ಅರ್ಥವಾಗಿದೆ. ನಾನು ಅಕ್ಕನ ಕಡೆ ನೋಡಿದೆ. ಈ ಸಲ ಅವಳು ನನ್ನನ್ನು ನೋಡುತ್ತಿರಲಿಲ್ಲ. ಎರಡೂ ಕೈ ಬಾಯಿಗೆ ಒತ್ತಿಕೊಂಡು ಟಿವಿ ನೋಡುತ್ತಿದ್ದಳು. ಎಲ್ಲ ಗೊತ್ತಿದ್ದವಳು ಏನೂ ಗೊತ್ತಿಲ್ಲದವಳಾಗಿ ಕೂತಿದ್ದಳು. ಹಸಿರು ಬೆಂಕಿ ಎದ್ದಾಗ ಅವಳು ಕೂಗಿದ ಕೂಗು ನಾನು ರೆಡ್ ವೆಡ್ಡಿಂಗ್ ನೋಡಿದ ದಿನ ಕೂಗಿದ್ದೇ. ಅವಳಿಗೆ ಆ ಸುಖ ಸಿಕ್ಕಿತಲ್ಲ ಅಂತ ನನಗೆ ಆದ ಖುಷಿ ಇಷ್ಟಷ್ಟಲ್ಲ.

ಗೋಪುರದ ದೃಶ್ಯ ಬಂದದ್ದು ಕೊನೆಕೊನೆಗೆ. ರಕ್ತವಾದ ಹಾಸಿಗೆ, ಲಿಯಾನ, ಅವಳ ಪಿಸುಮಾತು. ಮಗುವನ್ನು ನೆಡ್‌ನ ಕೈಗೆ ಕೊಟ್ಟರು. ಮಗು ಕಣ್ಣು ಬಿಟ್ಟಿತು. ಅದರ ಮುಖದಿಂದ ನೇರವಾಗಿ ಜಾನ್ ಸ್ನೋನ ಮುಖಕ್ಕೆ ಬಂದರು. ಒಂದು ಮಾತಿಲ್ಲ, ವಿವರಣೆ ಇಲ್ಲ. ಇಪ್ಪತ್ತು ವರ್ಷದ ವಾದಕ್ಕೆ ಎರಡು ಮುಖಗಳೇ ಉತ್ತರ. ಓದಿದವರ ಬಣ ಎದ್ದು ನಿಂತು ಒಬ್ಬರನ್ನೊಬ್ಬರು ತಬ್ಬಿಕೊಂಡಿತು. ತಾವೇ ಆ ಹುಡುಗನನ್ನು ಎತ್ತಿ ಬೆಳೆಸಿದ ಹಾಗೆ. ನಮ್ಮ ಬಣವೂ ಅಷ್ಟೇ ಜೋರಾಗಿ ಕೂಗಿತು, ನಮಗೂ ಆ ಚೂರುಗಳೆಲ್ಲ ಬಾಯಿಪಾಠ ಆಗಿತ್ತಲ್ಲ. ಮುಂದಿನ ನಿಮಿಷದಲ್ಲೇ ವಿಂಟರ್‌ಫೆಲ್‌ನ ಸಭೆಯಲ್ಲಿ ಪುಟ್ಟ ಹುಡುಗಿಯೊಬ್ಬಳು ಎದ್ದು ಜಾನ್‌ನೇ ತಮ್ಮ ರಾಜ ಅನ್ನುತ್ತಾಳೆ. ಅವಳ ಹೆಸರೂ ಲಿಯಾನ. ಲಿಯಾನ ಮಾರ್ಮಂಟ್. ಜಾನ್‌ನ ತಾಯಿಯ ಹೆಸರನ್ನೇ ಅವಳಿಗೆ ಇಟ್ಟಿದ್ದರು. ತಾಯಿಯ ಹೆಸರಿನವಳೇ ಮಗನನ್ನು ರಾಜ ಮಾಡುತ್ತಿದ್ದಾಳೆ, ಆ ಸಭೆಯಲ್ಲಿ ಇದು ಯಾರಿಗೂ ಗೊತ್ತಿಲ್ಲ. ನಮಗೆ ಗೊತ್ತು.

ಎಪಿಸೋಡ್ ಮುಗಿದರೂ ಯಾರೂ ಮನೆಗೆ ಹೋಗಲಿಲ್ಲ. ಲಿಯಾನಳ ಪಿಸುಮಾತಿನಲ್ಲಿ ಒಂದು ತುಣುಕು ಕೇಳಿಸದ ಹಾಗೆ ಬಿಟ್ಟಿದ್ದರು. ಮಗುವಿನ ಹೆಸರು ಅಲ್ಲೇ ಇದೆ ಅಂತ ಎಲ್ಲರಿಗೂ ಅನುಮಾನ. ಹಿಂದೆ ಹಾಕಿದೆವು, ಮತ್ತೆ ನೋಡಿದೆವು. ದನಿ ಹೆಚ್ಚಿಸಿದೆವು. ಕೊನೆಗೆ ದನಿ ಪೂರ್ತಿ ತೆಗೆದು ಬರೀ ತುಟಿ ಓದಲು ಕೂತೆವು. ಆ ಹೊತ್ತಿಗೆ ಜಗತ್ತಿನ ಎಷ್ಟೋ ಕಡೆ ಅಭಿಮಾನಿಗಳು ಇದನ್ನೇ ಮಾಡುತ್ತಿದ್ದರು. ಅದು ಏಗಾನ್ ಅಂತ ಸರಣಿಯೇ ಬಾಯಿಬಿಟ್ಟು ಹೇಳಿದ್ದು 2017ರ ಆಗಸ್ಟ್‌ನಲ್ಲಿ, ಏಳನೇ ಸೀಸನ್‌ನ ಕೊನೆಯಲ್ಲಿ. ಅಕ್ಕನ ಗೆಳತಿ ತುಟಿ ನೋಡಿ ಆವತ್ತೇ ಏ ಅಕ್ಷರ ಹಿಡಿದಿದ್ದಳು.

2019ರ ಕೊನೆಯ ಸೀಸನ್ ಬಗ್ಗೆ ಜಾಸ್ತಿ ಹೇಳಲ್ಲ. ಆರೇ ಎಪಿಸೋಡ್‌ಗಳಲ್ಲಿ ಅವಸರ ಮಾಡಿದರು ಅನ್ನೋದು ನನ್ನ ಅಭಿಪ್ರಾಯವೂ ಹೌದು. ಅದನ್ನು ಮತ್ತೆ ಮಾಡಿ ಅಂತ ಕೇಳಿದ ಮನವಿಗೆ 18 ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. ಅದೇ ದಿನಗಳಲ್ಲಿ ಅದೇ ಅಭಿಮಾನಿಗಳು ಡನೇರಿಸ್ ಪಾತ್ರ ಮಾಡಿದ ಎಮಿಲಿಯಾ ಕ್ಲಾರ್ಕ್ ಮೆದುಳಿನ ಪೆಟ್ಟಿನಿಂದ ಚೇತರಿಸಿಕೊಳ್ಳುವವರಿಗಾಗಿ ಶುರು ಮಾಡಿದ ಸೇಮ್ ಯೂ ಸಂಸ್ಥೆಗೆ ಹಣ ಕೂಡಿಸಿ ಕೊಟ್ಟರು. ಸಹಿಯ ಸುದ್ದಿ ಎಲ್ಲರಿಗೂ ನೆನಪಿದೆ. ಹಣದ ಸುದ್ದಿಯನ್ನು ನಾನು ನೆನಪಿಸುತ್ತಾ ಇರುತ್ತೇನೆ.

ಈಗ ನಾನೂ ಐದು ಪುಸ್ತಕ ಓದಿ ಮುಗಿಸಿದ್ದೇನೆ. ಅಕ್ಕನಿಗೂ ನನಗೂ ಹೊಸ ಜಗಳ ಶುರುವಾಗಿದೆ. ನಾಲ್ಕನೇ ಪುಸ್ತಕದಲ್ಲಿ ಸರ್ಸಿಗೆ ಚಿಕ್ಕಂದಿನಲ್ಲಿ ಹೇಳಿದ ಭವಿಷ್ಯ ಇದೆಯಲ್ಲ, ತಮ್ಮನೊಬ್ಬ ನಿನ್ನ ಕತ್ತು ಹಿಸುಕಿ ಕೊಲ್ತಾನೆ ಅಂತ. ಟಿವಿಯವರು ಆ ಭಾಗವನ್ನೇ ಬಿಟ್ಟುಬಿಟ್ಟರು. ಸರ್ಸಿ ಅದು ಕಿರಿಯ ತಮ್ಮ ಟಿರಿಯನ್ ಅಂತ ನಂಬಿದ್ದಾಳೆ. ಅಕ್ಕ ಅದು ಜೇಮಿ ಅನ್ನುತ್ತಾಳೆ. ಅವಳಿ ಆದರೂ ಅವನು ಹುಟ್ಟಿದ್ದು ಸರ್ಸಿಯ ಹಿಂದೆಯೇ, ಅವಳ ಹಿಮ್ಮಡಿ ಹಿಡಿದುಕೊಂಡು. ಅವಳು ಸಹಾಯ ಕೇಳಿ ಬರೆದ ಪತ್ರವನ್ನೂ ಅವನು ಬೆಂಕಿಗೆ ಹಾಕಿಸಿದ್ದಾನೆ. ಎಲ್ಲ ಸರಿ. ಆದರೆ ಭವಿಷ್ಯದಲ್ಲಿ “ಕೈಗಳು” ಅಂತ ಬಹುವಚನ ಇದೆ, ಜೇಮಿಗೆ ಇರೋದು ಒಂದೇ ಕೈ ಅಂತ ನಾನು.

“ಚಿನ್ನದ್ದೊಂದು ಇದೆಯಲ್ಲ” ಅಂತ ಅವಳು.

ಚಿನ್ನದ ಕೈಯಲ್ಲಿ ಬೆರಳು ಮಡಿಸೋಕೆ ಬರಲ್ಲ. ಹಿಸುಕೋದು ಹೇಗೆ? ಮುಂದಿನ ಸಲ ಸಿಕ್ಕಾಗ ಆ ಪುಟ ತೆಗೆದೇ ಕೇಳ್ತೀನಿ.