ಮೀಟರು ನಲವತ್ತರಲ್ಲೇ ನಿಂತಾಗ

ಪುನರ್ವಸು ಮಳೆಯ ರಾತ್ರಿ. ಶರಾವತಿ ವಿದ್ಯುದಾಗಾರದ್ದನ್ನೇ ಹೋಲುವ ಕಂಟ್ರೋಲ್ ರೂಮು. ಲೈನ್ ಟ್ರಿಪ್ ಆಗಿ ಒಂದು ಯೂನಿಟ್ಟಿನ ಬ್ರೇಕರ್ (ಗ್ರಿಡ್ಡಿನ ಸಂಪರ್ಕ ಕಡಿಯುವ ಸ್ವಿಚ್ಚು) ತೆರೆದುಕೊಂಡಿದೆ. ನಾಝಲ್ ಚಿಮ್ಮಿಸುವ ನೀರಿನ ಧಾರೆಗೆ ತಿರುಗುವ ಪೆಲ್ಟನ್ ಚಕ್ರ ಲೋಡ್ ತಪ್ಪಿ ಜೋರಾಗುವಷ್ಟರಲ್ಲಿ, ಒಂದೆರಡು ಸೆಕೆಂಡಿನಲ್ಲೇ ಡಿಫ್ಲೆಕ್ಟರ್ ಅಡ್ಡ ಬಂದು ನೀರಿನ ಧಾರೆಯನ್ನು ಆಚೆ ತಿರುಗಿಸಿದೆ. ವೇಗ ಇಳಿಯುತ್ತಿದೆ. ಒಂದು ನಾಝಲ್ ಎಷ್ಟು ತೆರೆದಿದೆ ಎಂದು ತೋರಿಸುವ ಮೀಟರು ಮಾತ್ರ ಶೇ 40ರಲ್ಲೇ ನಿಂತಿದೆ.

ನಾಝಲ್ ಸಿಕ್ಕಿಕೊಂಡಿದೆಯೋ, ಮೀಟರೇ ಕೆಟ್ಟಿದೆಯೋ? ಆಪರೇಟರ್ ಹೇಗೆ ತೀರ್ಮಾನಿಸುತ್ತಾರೆಂದು ತಿಳಿಯಲು ವಿಆರ್‌ನಲ್ಲಿ (ಹೆಡ್‌ಸೆಟ್ ಹಾಕಿಕೊಂಡು ನೋಡುವ ಕೃತಕ ಕಂಟ್ರೋಲ್ ರೂಮಿನಲ್ಲಿ) ಕಟ್ಟಬೇಕಾದ್ದು ಇಂಥ ಸನ್ನಿವೇಶ. ಬಟನ್ ಎಷ್ಟು ಬೇಗ ಒತ್ತಿದರು ಎಂದು ಅಳೆಯಲು ಸ್ಟಾಪ್‌ವಾಚ್ ಸಾಕು. ಕೈ ಏಳುವ ಮೊದಲು ಆಪರೇಟರ್ ಏನನ್ನು ನಂಬಿದ್ದರು ಎಂಬುದು ನಮಗೆ ಬೇಕು.

ಈ ಸನ್ನಿವೇಶದಲ್ಲಿ ವೇಗದ ಮೀಟರು ಹುಸಿ ಸಮಾಧಾನ ಕೊಡುತ್ತದೆ. ಡಿಫ್ಲೆಕ್ಟರ್ ಅಡ್ಡವಿದ್ದರೆ ನಾಝಲ್ ತೆರೆದಿದ್ದರೂ ಚಕ್ರ ನಿಧಾನವಾಗಲೇಬೇಕು. ನಾನೂರು ಮೀಟರಿಗೂ ಮೀರಿದ ಎತ್ತರದಿಂದ ಬರುವ ನೀರನ್ನು ದಿಢೀರನೆ ತಡೆದರೆ ಅದನ್ನು ತರುವ ಪೆನ್‌ಸ್ಟಾಕ್ ಕೊಳವೆಯಲ್ಲಿ ಒತ್ತಡ ಹೊಡೆಯುತ್ತದೆ, ಹಾಗಾಗಿ ನಾಝಲ್ ಮುಚ್ಚುವುದೇ ಮೆಲ್ಲಗೆ. ಮೊದಲ ಹತ್ತಾರು ಸೆಕೆಂಡು ಆ ನಲವತ್ತು ಸಹಜವೇ. ಆಮೇಲೂ ಕದಲದಿದ್ದರೆ ಸಾಕ್ಷಿ ಎರಡೇ ಕಡೆ: ಪೆನ್‌ಸ್ಟಾಕ್ ಒತ್ತಡದ ಮೀಟರು, ಮತ್ತು ಟರ್ಬೈನ್ ಫ್ಲೋರ್‌ನಲ್ಲಿ ನಿಂತವರ ಕಿವಿ. ಧಾರೆ ಕೆಳಗೆ ಬಡಿಯುವ ಸದ್ದು ಅವರಿಗೆ ಗೊತ್ತಾಗುತ್ತದೆ. ಆದ್ದರಿಂದ ವಿಆರ್ ಕೋಣೆಯಲ್ಲಿ ಪ್ಯಾನೆಲ್ಲಿನಷ್ಟೇ ಮುಖ್ಯ ಫೋನು. ಕೆಳಗಿನಿಂದ ಉತ್ತರ ಕೊಡಲು ನಿಜವಾದ ಮನುಷ್ಯನನ್ನೇ ಕೂರಿಸಿ. ಅದೇ ಹೊತ್ತಿಗೆ, ಗ್ರಿಡ್ಡಿನ ವಿದ್ಯುತ್ ಹಂಚಿಕೆ ನೋಡಿಕೊಳ್ಳುವ ಲೋಡ್ ಡಿಸ್‌ಪ್ಯಾಚ್ ಸೆಂಟರಿನಿಂದಲೂ ಕರೆ ಬರಲಿ. ಯಾವ ಫೋನು ಮೊದಲು ಎತ್ತುತ್ತಾರೆ ಎಂಬುದೇ ಒಂದು ತೀರ್ಮಾನ.

1979ರ ಮಾರ್ಚ್ 28ರಂದು ಅಮೆರಿಕದ ತ್ರೀ ಮೈಲ್ ಐಲ್ಯಾಂಡ್ ಅಣು ವಿದ್ಯುತ್ ಸ್ಥಾವರದಲ್ಲಿ ದೀಪ ತೋರಿಸಿದ್ದು ವಾಲ್ವಿಗೆ ಹೋದ 'ಮುಚ್ಚು' ಎಂಬ ಆದೇಶವನ್ನು. ವಾಲ್ವ್ ಮಾತ್ರ ತೆರೆದೇ ಇತ್ತು. ಬ್ರಿಟನ್ನಿನ ಮಿಲ್ಫರ್ಡ್ ಹೇವನ್ ತೈಲ ಸಂಸ್ಕರಣಾಗಾರದಲ್ಲಿ 1994ರಲ್ಲಿ ಸ್ಫೋಟಕ್ಕೆ ಮುಂಚಿನ 11 ನಿಮಿಷಗಳಲ್ಲಿ ಇಬ್ಬರು ಆಪರೇಟರ್‌ಗಳ ಮುಂದೆ 275 ಅಲಾರ್ಮ್ ಬಂದಿದ್ದವು. ಅದಕ್ಕೇ ನಾಲ್ಕೇ ಅಲಾರ್ಮ್ ಇಟ್ಟು ಚೊಕ್ಕ ಮಾಡಿದ ಸನ್ನಿವೇಶದಿಂದ ಏನೂ ತಿಳಿಯುವುದಿಲ್ಲ. ಸದ್ದು, ಮಿನುಗು, ಅಲಾರ್ಮ್ ನೋಡಿದೆ ಎನ್ನಲು ಮತ್ತೆ ಮತ್ತೆ ಅಕ್ನಾಲೆಜ್ ಬಟನ್ ಒತ್ತುವ ಕಾಟ ಎಲ್ಲವೂ ಇರಲಿ.

ದೋಷ ಬರುವ ಮೊದಲು ಹತ್ತು ನಿಮಿಷ ಏನೂ ಆಗಬಾರದು. ಕೆಲವು ಸರದಿ ಪೂರ್ತಿ ಹಾಗೇ ಮುಗಿಯಲಿ. ಇಲ್ಲದಿದ್ದರೆ ಎಲ್ಲರೂ ಪರೀಕ್ಷೆಗೆ ಕುಳಿತವರಂತೆ ದೋಷಕ್ಕೇ ಕಾಯುತ್ತಾರೆ. ಒಂದೇ ಸಲಕ್ಕೆ 20 ನಿಮಿಷಕ್ಕಿಂತ ಹೆಚ್ಚು ಹೆಡ್‌ಸೆಟ್ ಬೇಡ, ತಲೆ ಸುತ್ತುತ್ತದೆ.

ಹೆಚ್ಚು ಕೈಕೊಡುವುದು ಅಕ್ಷರ. 70 ಸೆಂ.ಮೀ. ದೂರದ 4 ಮಿ.ಮೀ. ಅಕ್ಷರಕ್ಕೆ, ನೋಟದ ಒಂದು ಡಿಗ್ರಿಗೆ 20 ಪಿಕ್ಸೆಲ್ ಕೊಡುವ ಹೆಡ್‌ಸೆಟ್‌ನಲ್ಲಿ ಸಿಗುವುದು ಆರೇಳು ಪಿಕ್ಸೆಲ್. ಇಂಗ್ಲಿಷ್ ಹೇಗೋ ಓದಬಹುದು, ಕನ್ನಡದ ಒತ್ತಕ್ಷರ ಕಲಸಿಹೋಗುತ್ತದೆ. ಹಾಗೆಂದು ಮೀಟರುಗಳನ್ನೆಲ್ಲ ದೊಡ್ಡದು ಮಾಡಿದರೆ ಅವುಗಳ ನಡುವಿನ ದೂರ ಬದಲಾಗಿ, ಕಣ್ಣು ಓಡುವ ದಾರಿಯೇ ಬೇರೆಯಾಗುತ್ತದೆ. ಮುಖ್ಯವಾದ ಏಳೆಂಟು ಮೀಟರುಗಳ ಅಂಕಿಗಳನ್ನಷ್ಟೇ ದಪ್ಪ ಮಾಡಿ, ಜಾಗ ಕದಲಿಸಬೇಡಿ.

ಮಲೆನಾಡಿನ ಮಳೆಗಾಲಕ್ಕೆ ಇನ್ನೊಂದು ತೊಂದರೆ. ತಣ್ಣಗಿದ್ದ ಲೆನ್ಸ್ ಮುಖದ ಬಿಸಿಗೆ ಮಂಜಾಗುತ್ತದೆ, ಕಣ್ಣಿನ ಜಾಡು ಹಿಡಿಯುವ ಕ್ಯಾಮೆರಾಗೆ ಪಾಪೆ ಕಾಣುವುದಿಲ್ಲ. ಹೆಡ್‌ಸೆಟ್ಟನ್ನು ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಡಿ, ಕಾಲು ಗಂಟೆ ಮೊದಲೇ ಆನ್ ಮಾಡಿ. ಕನ್ನಡಕದವರಿಗೆ ನಡುವೆ ಇನ್ನೊಮ್ಮೆ ಕ್ಯಾಲಿಬ್ರೇಟ್ ಮಾಡಿ. ನೋಟದ ದಾಖಲೆಯಲ್ಲಿ ಐದನೇ ಒಂದು ಭಾಗ ಕಳೆದಿದ್ದರೆ ಆ ಸರದಿಯನ್ನು ಬಿಟ್ಟುಬಿಡುವುದೇ ಒಳ್ಳೆಯದು. ನೋಟ, ಮಾತು, ಪ್ಯಾನೆಲ್ ಮೂರೂ ಒಂದೇ ಗಡಿಯಾರಕ್ಕೆ ನಡೆಯಬೇಕು. ಶುರುವಿಗೂ ಕೊನೆಗೂ ಒಂದು ಬೀಪ್ ಹಾಕಿದರೆ ಸಮಯ ಜಾರಿದ್ದು ಗೊತ್ತಾಗುತ್ತದೆ.

ಫಲಿತಾಂಶ ಯಾರ ಸರ್ವಿಸ್ ದಾಖಲೆಗೂ ಹೋಗುವುದಿಲ್ಲವೆಂದು ಮೊದಲೇ ಬರೆದು ಸಹಿ ಮಾಡಿಕೊಡಿ. ಮುಗಿದ ಮೇಲೆ ಅವರವರ ನೋಟದ ವಿಡಿಯೋ ಹಾಕಿ, ನಲವತ್ತರ ಮೇಲೆ ಕಣ್ಣು ನಿಂತ ಕಡೆ ನಿಲ್ಲಿಸಿ. "ಯಾಕೆ ಹಾಗೆ ಮಾಡಿದ್ರಿ ಸರ್?" ಎಂದರೆ ಸಮರ್ಥನೆ ಶುರುವಾಗುತ್ತದೆ. "ಈ ಹೊತ್ತಿಗೆ ಒಳಗೆ ನೀರು ಎಲ್ಲಿ ಹೋಗ್ತಿದೆ ಅಂತ ಅಂದ್ಕೊಂಡಿದ್ರಿ?" ಎಂದು ಕೇಳಿ, ಸುಮ್ಮನೆ ಕಾಯಿರಿ.