ಎರಡು ಕಾರ್ಡು, ಒಂದು ಚೀಟಿ

ಆಟ ಶುರುವಾಗಿ ಎಂಟೇ ನಿಮಿಷ. ಪರದೆ ಕಪ್ಪಾಯಿತು. ಫ್ಯಾನ್‌ಗಳೆಲ್ಲ ಒಟ್ಟಿಗೆ ಸುಮ್ಮನಾದವು. ನೀಲಿ ಪರದೆ ಇಲ್ಲ, ಎರರ್ ಸಂದೇಶ ಇಲ್ಲ. ಕರೆಂಟ್ ಹೋಯಿತೇನೋ ಅಂತ ತಲೆ ಎತ್ತಿದರೆ ಟ್ಯೂಬ್‌ಲೈಟ್ ಉರಿಯುತ್ತಲೇ ಇತ್ತು.

ಇದು 2011ರ ಮಾತು. ಆಟದ ಚಿತ್ರ ಬರೆಯುವ ಗ್ರಾಫಿಕ್ಸ್ ಕಾರ್ಡ್ ಎರಡು ಇರುವ ಗೇಮಿಂಗ್ ಕಂಪ್ಯೂಟರ್ ಕಟ್ಟಬೇಕು ಅನ್ನೋ ಹುಚ್ಚು ಹಿಡಿದಿತ್ತು. ಮೂರು ವಾರ ಅದೇ ಲೆಕ್ಕ. ಎನ್ವಿಡಿಯಾದ ಒಂದೇ ದೊಡ್ಡ ಕಾರ್ಡ್ ಜಿಟಿಎಕ್ಸ್ 580 ತರುವುದೋ, ಎರಡು ಜಿಟಿಎಕ್ಸ್ 460 ತಂದು ಎಸ್‌ಎಲ್‌ಐನಲ್ಲಿ (ಎರಡು ಕಾರ್ಡ್ ಒಟ್ಟಿಗೆ ದುಡಿಯುವ ವ್ಯವಸ್ಥೆ) ಜೋಡಿಸುವುದೋ? 580ಕ್ಕೆ 244 ವ್ಯಾಟ್ ಬೇಕು, ಮೆಮೊರಿ 1.5 ಜಿಬಿ. 460ಕ್ಕೆ ಒಂದೊಂದಕ್ಕೂ 160 ವ್ಯಾಟ್, 1 ಜಿಬಿ. ಎರಡು ಸೇರಿದರೆ 2 ಜಿಬಿ ಆಗುತ್ತೆ ಅಂತ ಮೊದಲು ನಾನೂ ನಂಬಿದ್ದೆ. ಆಗಲ್ಲ. ಒಂದು ಫ್ರೇಮ್, ಅಂದರೆ ಪರದೆಯ ಒಂದು ಚಿತ್ರ, ಈ ಕಾರ್ಡ್ ಬರೆದರೆ ಮುಂದಿನದು ಆ ಕಾರ್ಡ್. ಹಾಗಾಗಿ ಎರಡೂ ಅದೇ ದೃಶ್ಯದ ಸಾಮಗ್ರಿಯನ್ನೆಲ್ಲ ತಂತಮ್ಮ ಮೆಮೊರಿಯಲ್ಲಿ ಇಟ್ಟುಕೊಳ್ಳಲೇಬೇಕು. ಆಟಕ್ಕೆ ಸಿಗುವುದು 1 ಜಿಬಿಯೇ. ಇದು ಗೊತ್ತಾದ ಮೇಲೂ ಎರಡನ್ನೇ ತಂದೆ. ಕ್ಯಾಬಿನೆಟ್ ಪಕ್ಕದ ಗಾಜಿನಿಂದ ಎರಡು ಕಾರ್ಡ್ ಕಾಣುವ ಆಸೆ, ಬೇರೇನಿಲ್ಲ.

ಪ್ರೊಸೆಸರ್ ಐ5-2500ಕೆ. ಅದರ 16 ಪಿಸಿಐ ಎಕ್ಸ್‌ಪ್ರೆಸ್ ಲೇನ್‌ಗಳು, ಅಂದರೆ ಕಾರ್ಡ್‌ಗಳ ಜೊತೆ ಮಾಹಿತಿ ಸಾಗುವ ದಾರಿಗಳು, ಎರಡು ಕಾರ್ಡ್‌ಗೆ ಎಂಟೆಂಟಾಗಿ ಹಂಚಿಹೋಗುತ್ತವೆ. ಆ ಕಾಲದ ಕಾರ್ಡ್‌ಗಳಿಗೆ ಅದು ಸಾಕಾಗಿತ್ತು.

ಇವೆಲ್ಲಕ್ಕೂ ಕರೆಂಟ್ ಕೊಡುವ ಪವರ್ ಸಪ್ಲೈಗೆ ಮಾತ್ರ ನಾನು ಕೊಟ್ಟದ್ದು ಐದು ನಿಮಿಷ. ಹಳೆಯದು ಇತ್ತಲ್ಲ, 550 ವ್ಯಾಟ್. ಕಾರ್ಡ್‌ಗಳಿಗೆ 320, ಪ್ರೊಸೆಸರ್‌ಗೆ 95, ಮಿಕ್ಕದ್ದಕ್ಕೆ 50. ಒಟ್ಟು 465. ಇನ್ನೂ 85 ಉಳೀತು ಅಂತ ಖುಷಿಪಟ್ಟೆ. ಒಂದೊಂದು 460ಕ್ಕೂ ಎರಡೆರಡು 6 ಪಿನ್ ಕನೆಕ್ಟರ್ ಬೇಕು. ಅಂದರೆ ನಾಲ್ಕು. ನನ್ನ ಪವರ್ ಸಪ್ಲೈನಲ್ಲಿ ಇದ್ದದ್ದು ಎರಡು. ಉಳಿದೆರಡನ್ನು ಹಾರ್ಡ್ ಡಿಸ್ಕ್‌ಗೆ ಹಾಕುವ ಮೋಲೆಕ್ಸ್ ವೈರ್‌ಗೆ ಅಡಾಪ್ಟರ್ ಸಿಕ್ಕಿಸಿ ಹೊಂದಿಸಿದೆ. ನಿಜಕ್ಕೂ ಎರಡು ಕಾರ್ಡ್ ಹೊರುವ ಪವರ್ ಸಪ್ಲೈ ನಾಲ್ಕು ಕನೆಕ್ಟರ್ ತಾನೇ ಕೊಡ್ತಿತ್ತು, ಅಲ್ವಾ? ಆಗ ಹೊಳೆಯಲಿಲ್ಲ.

ಮೂರನೇ ಸಲ ಆಫ್ ಆದಾಗ ಒಂದು ಕಾರ್ಡ್ ತೆಗೆದು ನೋಡಿದೆ. ಎರಡು ಗಂಟೆ ಸಲೀಸಾಗಿ ಓಡಿತು. ಅದನ್ನು ತೆಗೆದು ಇನ್ನೊಂದು ಹಾಕಿದೆ. ಅದೂ ಸರಿಯಾಗಿತ್ತು. ಎರಡೂ ಹಾಕಿದರೆ ಮತ್ತೆ ಕಪ್ಪು. ಗೆಳೆಯನನ್ನು ಕರೆದೆ. ಅವನು ಬಂದವನೇ ಪಕ್ಕದ ಬಾಗಿಲು ಬಿಚ್ಚಿ, ಪವರ್ ಸಪ್ಲೈ ಮೇಲಿನ ಚೀಟಿಗೆ ಟಾರ್ಚ್ ಹಿಡಿದ.

“ಇದನ್ನ ಓದಿದ್ದೀಯೇನೋ?”

ಓದಿರಲಿಲ್ಲ. 12 ವೋಲ್ಟ್‌ನ ಎರಡು ಸಾಲು (ಕರೆಂಟ್ ಹೊರಡುವ ದಾರಿ), ಒಂದೊಂದರಲ್ಲೂ 18 ಆಂಪಿಯರ್. ಅದರ ಕೆಳಗೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ: ಎರಡೂ ಸೇರಿ ಗರಿಷ್ಠ 360 ವ್ಯಾಟ್. ಡಬ್ಬದ ಮೇಲಿನ 550 ಅನ್ನುವುದು 3.3 ಮತ್ತು 5 ವೋಲ್ಟ್ ಸಾಲುಗಳನ್ನೂ ಸೇರಿಸಿ ಹೇಳಿದ ಮೊತ್ತ. ಆದರೆ ಕಾರ್ಡ್‌ಗಳೂ ಪ್ರೊಸೆಸರೂ ಹೀರುವುದು ಹೆಚ್ಚುಕಮ್ಮಿ ಎಲ್ಲ 12 ವೋಲ್ಟ್‌ನಿಂದಲೇ. ಅವಕ್ಕೇ 415 ಬೇಕಾಗಬಹುದು, ಇರುವುದು 360. ಆಟದಲ್ಲಿ ದೊಡ್ಡ ಸ್ಫೋಟದ ದೃಶ್ಯ ಬಂದ ತಕ್ಷಣ ಮಿತಿ ದಾಟುತ್ತಿತ್ತು, ಒಳಗಿನ ರಕ್ಷಣೆ ಎಲ್ಲವನ್ನೂ ಆರಿಸುತ್ತಿತ್ತು. ಆರಿಸಿದ್ದೇ ಪುಣ್ಯ. ಆ ರಕ್ಷಣೆ ಇಲ್ಲದಿದ್ದರೆ ಪವರ್ ಸಪ್ಲೈ ತಾನೂ ಸುಟ್ಟು, ಜೊತೆಗಿದ್ದವನ್ನೂ ಸುಡುತ್ತಿತ್ತೇನೋ.

ಹೊಸ ಪವರ್ ಸಪ್ಲೈ ಆಯ್ದುಕೊಳ್ಳುವಾಗ ಡಬ್ಬದ ಮುಂಭಾಗ ನೋಡಲೇ ಇಲ್ಲ. ಸೀದಾ ಹಿಂದಿನ ಪಟ್ಟಿ. 750 ವ್ಯಾಟ್‌ನದು, 12 ವೋಲ್ಟ್‌ನಲ್ಲೇ 60 ಆಂಪಿಯರ್, ಅಂದರೆ 720 ವ್ಯಾಟ್. ಕಾರ್ಡ್‌ಗೆ ನಾಲ್ಕು ಕನೆಕ್ಟರ್. 80 ಪ್ಲಸ್ ಬ್ರಾಂಜ್ ಅನ್ನೋ ದಕ್ಷತೆಯ ಮುದ್ರೆಯೂ ಇತ್ತು. ‘85 ಪರ್ಸೆಂಟ್ ದಕ್ಷತೆ ಅಂದ್ರೆ 750ರಲ್ಲಿ 637 ತಾನೇ ಸಿಗೋದು?’ ಅಂತ ನಾನು ಕೇಳಿದಾಗ ಗೆಳೆಯ ನಕ್ಕುಬಿಟ್ಟ. 750 ಪೂರ್ತಿ ಸಿಗುತ್ತೆ. ನಷ್ಟವಾಗುವುದನ್ನು ಗೋಡೆಯ ಸಾಕೆಟ್‌ನಿಂದ ಜಾಸ್ತಿ ಎಳೆದುಕೊಳ್ಳುತ್ತೆ, ಅಷ್ಟೆ.

ಆಮೇಲೆ ಒಮ್ಮೆಯೂ ಆಫ್ ಆಗಲಿಲ್ಲ. ಮೇಲಿನ ಕಾರ್ಡ್ ಮಾತ್ರ ಕೆಳಗಿನದಕ್ಕಿಂತ ಯಾವಾಗಲೂ ಬಿಸಿ, ಗಾಳಿ ಎಳೆಯೋಕೆ ಜಾಗವೇ ಇಲ್ಲ. ಪಕ್ಕದ ಗಾಜು ತೆಗೆದು ಒಂದು ಫ್ಯಾನ್ ಕೂರಿಸಿದೆ. ಎರಡು ಕಾರ್ಡ್ ಕಾಣಲಿ ಅಂತ ಇದ್ದ ಗಾಜು ಅದು!

ಪರದೆಯ ಮೂಲೆಯ ಫ್ರೇಮ್ ಲೆಕ್ಕ ಸೆಕೆಂಡಿಗೆ ಸುಮಾರು 70 ತೋರಿಸುತ್ತಿತ್ತು. ಆದರೂ ಆಟ ಎಲ್ಲೋ ಎಡವಿದಂತೆ. ಎರಡು ಕಾರ್ಡ್ ಸರದಿಯಲ್ಲಿ ಬರೆದ ಫ್ರೇಮ್‌ಗಳು ಸಮ ಅಂತರದಲ್ಲಿ ಬರುವುದಿಲ್ಲ. ಒಂದು 8 ಮಿಲಿಸೆಕೆಂಡಿಗೆ ಬಂದರೆ ಇನ್ನೊಂದು 20ಕ್ಕೆ. ಸರಾಸರಿ ಚೆನ್ನಾಗೇ ಇರುತ್ತೆ, ಕಣ್ಣಿಗೆ ಮಾತ್ರ ಗೊತ್ತಾಗಿಬಿಡುತ್ತೆ. ಗೆಳೆಯ ಇದನ್ನು ಹೇಳಿದಾಗ ನಾನು ಒಪ್ಪಲಿಲ್ಲ. “ನೋಡೋ, 70 ಇದೆ” ಅಂತ ಮೂಲೆ ತೋರಿಸಿದೆ.

“ನೀನು ಆಟ ಆಡ್ತಿದ್ದೀಯೋ, ಮೂಲೆ ನೋಡ್ತಿದ್ದೀಯೋ?” ಅಂದ.

ಮುಂದಿನ ಸಲ ಒಂದೇ ಕಾರ್ಡ್ ತಂದೆ. ಪವರ್ ಸಪ್ಲೈ ಅದೇ ಇತ್ತು.